ಮೊಳಕಾಲ್ಮುರು ಮೋಟಾರಿನ ಎಡಸುತ್ತು

ಯರ್ರಪ್ಪ ನೆಟ್ಟಗೆ ಕೂತಿದ್ದನ್ನು ಕಂಡವರು ಮೊಳಕಾಲ್ಮುರಿನಲ್ಲಿ ಕಡಿಮೆ. ಊಟಕ್ಕೆ ಕೂತರೂ ಒಂದು ಮಂಡಿ ಮೇಲೆತ್ತಿಕೊಂಡೇ ಇರುತ್ತಿದ್ದ, ಬೀದಿಯಲ್ಲಿ ಯಾರೋ ಕರೆದರು, ಇಗೋ ಎದ್ದೆ, ಅನ್ನುವ ಹಾಗೆ. ಇಂಥವನು ಹೋಗಿ ಹೋಗಿ ಹುಟ್ಟಿದ್ದೆಲ್ಲಿ? ನೇಕಾರರ ಮನೆಯಲ್ಲಿ! ಅವನ ಅಪ್ಪ ನಾಗರಾಜಪ್ಪ ಬೆಳಗಾಗುತ್ತಲೇ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರೆ ಹೊತ್ತು ಮುಳುಗುವಾಗಲೇ ಮೇಲೆತ್ತುತ್ತಿದ್ದದ್ದು. ಪಡಸಾಲೆಯಲ್ಲಿ ಅಕ್ಕಪಕ್ಕ ಎರಡು ಗುಂಡಿ. ಒಂದರಲ್ಲಿ ಅಪ್ಪ. ಇನ್ನೊಂದನ್ನು ಯರ್ರಪ್ಪನಿಗೆಂದೇ ತೋಡಿಸಿದ್ದರು, ಅದು ಖಾಲಿ.

ಪೂರಾ ಖಾಲಿ ಅಂತಲೂ ಅಲ್ಲ. ಮೀಸೆ ಮೊಳೆಯುವ ವಯಸ್ಸಿನಲ್ಲಿ ಅವನನ್ನು ಅಲ್ಲಿ ಕೂರಿಸಿ ನೋಡಿದ್ದರು. ಕೈ ಚುರುಕೇ, ಆದರೆ ಕಾಲಿಗೆ ತಾಳವೇ ಇಲ್ಲ. ಅಂಚಿನಲ್ಲಿ ಹಂಸ ಬರಬೇಕಾದಲ್ಲಿ ಬಾತುಕೋಳಿ ಬಂತು, ಸೆರಗಿನ ಹೊತ್ತಿಗೆ ಅದು ಯಾವ ಹಕ್ಕಿಯೂ ಅಲ್ಲದ್ದಾಯಿತು. ಆ ವರ್ಷವೇ ಚಳ್ಳಕೆರೆಯ ಕಂಬಳಿ ಸಾಹುಕಾರ ಮಲ್ಲಿಕಾರ್ಜುನಪ್ಪ ಯಾವುದೋ ಹರಾಜಿನಲ್ಲಿ ಒಂದು ಹಳೇ ಅಮೆರಿಕದ ಲಾರಿ ಹಿಡಿದು, ಮೇಲೆ ಮರದ ಗೂಡು ಕಟ್ಟಿಸಿ, ಚಳ್ಳಕೆರೆಗೂ ಮೊಳಕಾಲ್ಮುರಿಗೂ ಸರ್ವಿಸ್ ಮೋಟಾರು ಬಿಟ್ಟರು. ಮೊದಲ ದಿನ ಅದು ಪೇಟೆಯಲ್ಲಿ ಬಂದು ನಿಂತಾಗ ಯರ್ರಪ್ಪ ಮಗ್ಗದಿಂದ ಎದ್ದು ನೋಡಲು ಹೋದ. ಹೋದವನು ವಾಪಸ್ಸು ಕೂರಲೇ ಇಲ್ಲ! ಕ್ಲೀನರಾದ, ರೇಡಿಯೇಟರಿಗೆ ನೀರು ಹೊಯ್ದ, ಪಂಕ್ಚರು ಹಾಕಿದ, ಎಂಜಿನ್ನು ಬಿಚ್ಚಿ ಕಟ್ಟುವುದನ್ನು ಕಲಿತ. ನಾನು ಹೇಳುವ ಈ ಕಥೆ ನಡೆದ ಹೊತ್ತಿಗೆ, ಅಂದರೆ ಸಾವಿರದ ಒಂಬೈನೂರ ಮೂವತ್ತೆರಡು ಮೂವತ್ತಮೂರನೇ ಇಸವಿಯ ಸುಮಾರಿಗೆ, ಆ ಮೋಟಾರು ಕೆಮ್ಮಿದರೆ ಎಲ್ಲಿ ನೋವು ಅಂತ ಅವನಿಗೆ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಮೋಟಾರು ಮೊಳಕಾಲ್ಮುರಿಗೆ ಬಂದು ನಿಲ್ಲುವುದಕ್ಕೂ ಬಾನೆಟ್ಟಿನಿಂದ ಹೊಗೆ ಏಳುವುದಕ್ಕೂ ಸರಿಹೋಯಿತು. ತಂತಿಗೆ ತಂತಿ ತಗುಲಿ ಬೆಂಕಿ. ಡ್ರೈವರು ಜಂಪಣ್ಣ, ಚಳ್ಳಕೆರೆ ಕಡೆಯ ನನ್ನಿವಾಳದವನು, ಎತ್ತಿನ ಗಾಡಿ ಬಿಟ್ಟು ಮೋಟಾರು ಹಿಡಿದವನು, ಹೊದ್ದ ಕಂಬಳಿಯನ್ನೇ ಮುಚ್ಚಿ, ಮೇಲೆ ಮಣ್ಣು ಸುರಿದು ಆರಿಸಿದ. ಎಂಜಿನ್ನು ಉಳಿಯಿತು. ಹೋದದ್ದು ಡಿಸ್ಟ್ರಿಬ್ಯೂಟರು. ಸುಟ್ಟು, ಕರಗಿ, ತಂತಿಗಳನ್ನೆಲ್ಲ ಒಳಗೆ ಎಳೆದುಕೊಂಡು ಕರೀ ಬೆಲ್ಲದುಂಡೆಯಂತಾಗಿತ್ತು.

ಇದೇನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ರುಚಿಸುವುದಿಲ್ಲ. ಆ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಪೆಟ್ರೋಲು ಉರಿಯಲು ಪ್ರತಿಯೊಂದಕ್ಕೂ ಸರದಿಯಂತೆ ಕಿಡಿ ಬೇಕು. ಪಂಕ್ತಿಯಲ್ಲಿ ಬಡಿಸುವವನು ಇದ್ದಾನಲ್ಲ, ಹಾಗೆ ಕಿಡಿ ಬಡಿಸುವುದು ಡಿಸ್ಟ್ರಿಬ್ಯೂಟರಿನ ಕೆಲಸ. ನಡುವೆ ರೋಟರು ಅನ್ನುವ ತುಂಡು ಸುತ್ತುತ್ತದೆ, ಸುತ್ತಲೂ ನಾಲ್ಕು ತಂತಿ, ಸುತ್ತುತ್ತ ಸುತ್ತುತ್ತ ಒಂದೊಂದಕ್ಕೂ ಬಡಿಸುತ್ತದೆ. ಸರದಿ ತಪ್ಪಬಾರದು, ಹೊತ್ತೂ ತಪ್ಪಬಾರದು. ಕಿಡಿ ಬೇಗ ಬಂದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ, ತಡವಾದರೆ ಹಸಿದ ಎತ್ತಿನಂತೆ ಎಳೆಯುತ್ತದೆ. ಅದಕ್ಕೇ ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಹಿಡಿ. ಮೇಲೆ ತಳ್ಳಿದರೆ ಕಿಡಿ ತಡ, ಕೆಳಗೆ ಎಳೆದರೆ ಬೇಗ. ಮೋಟಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಕೈಯಲ್ಲಿ ತಿರುಗಿಸಿ ಶುರು ಮಾಡುವಾಗ ತಡವಿರಬೇಕು, ರಸ್ತೆಯಲ್ಲಿ ಓಡುವಾಗ ಬೇಗ. ಇಷ್ಟೇ.

ಅವತ್ತು ಸಾಹುಕಾರರೂ ಮೋಟಾರಿನಲ್ಲೇ ಬಂದಿದ್ದರು. ಬಾನೆಟ್ಟಿನೊಳಗೆ ಇಣುಕಿ, ಪೇಟ ಸರಿಮಾಡಿಕೊಂಡು ಹೇಳಿದರು:

"ಸಾಕಪ್ಪ ಇದರ ಸಹವಾಸ. ಶೇಂಗಾ ಮಿಲ್ ಕೂರ್ಸಾಕೆ ದಾವಣಗೆರೆಯಿಂದ ಫಿಟ್ಟರ್ಗಳು ಬರ್ತಾರೆ ಬರೋ ಸಂತೆಗೆ. ಈ ಎಂಜಿನ್ನೇ ಕಳಚ್ಕಂಡು ಹೋಗಿ ಮಿಲ್ಲಿಗೆ ಹಾಕ್ತೀನಿ. ನೆಲಕ್ಕೆ ಬೋಲ್ಟ್ ಹೊಡೆದ್ರೆ ಎಲ್ಲೂ ಓಡಲ್ಲ, ಬೆಂಕೀನೂ ಹತ್ತಲ್ಲ."

"ಸಾವ್ಕಾರ್ರೇ," ಯರ್ರಪ್ಪ ಅಡ್ಡ ನಿಂತ, "ಸಂತೆಗೆ ಮೋಟಾರ್ ಚಳ್ಳಕೆರೇಲಿ ನಿಲ್ಲಿಸ್ತೀನ್ರಿ. ಜನಾನೂ ತುಂಬ್ಕಂಡು ಬರ್ತೀನಿ."

"ಯಾತರಲ್ಲಿ? ಸಾಮಾನು ಸಿಗತೈತಾ ಇದಕ್ಕೆ? ಇದನ್ನ ಮಾಡಿದೋರೇ ಮರೆತು ಕೂತವ್ರೆ."

"ನಾನ್ ತರ್ತೀನ್ರಿ."

"ತಾ. ಬಂದು ನಿಂತ್ರೆ ಸರ್ವಿಸ್ ನಡೀಲಿ. ಇಲ್ಲಾಂದ್ರೆ ಗಾಡಿ ಕಳಿಸ್ತೀನಿ, ಎಂಜಿನ್ ಎತ್ತಾಕ್ರಿ." ಎಂದವರೇ ಬಾಡಿಗೆ ಗಾಡಿ ಹತ್ತಿ ಹೊರಟರು.

ಆ ಮಾತು ಯರ್ರಪ್ಪನಿಗಿಂತ ಮೊದಲು ಮನೆ ಸೇರಿತ್ತು. ಅವನು ಒಳಗೆ ಕಾಲಿಟ್ಟಾಗ ಅವನ ತಾಯಿ ಈಶ್ವರಮ್ಮ ಖಾಲಿ ಗುಂಡಿಯ ಅಂಚಿಗೆ ಸಗಣಿ ಸಾರಿಸುತ್ತಿದ್ದಳು. ಅಪ್ಪ ಲಾಳಿ ನಿಲ್ಲಿಸಲಿಲ್ಲ.

"ಏಂ ರಾ, ಎಂಜಿನ್ನು ಎಣ್ಣೆ ಗಾಣಕ್ಕಂತೆ?" ಅಪ್ಪ ಕೇಳಿದ.

"ಇನ್ನೂ ಹೋಗಿಲ್ಲ ನಾಯ್ನಾ."

"ಹೋದ್ರೆ ಇಲ್ಲಿಗೆ ಬರ್ಬೇಕು. ಈ ಸಲ ಮಾತು ಕೊಡು. ನನ್ನ ಮಂಡಿ ಇನ್ನ ಎಷ್ಟು ದಿನ ತುಳೀತಾವೆ?"

ಯರ್ರಪ್ಪ ಆ ಗುಂಡಿಯನ್ನು ನೋಡಿದ. ಸೊಂಟದವರೆಗೆ ಇಳಿಯುವ ಗುಂಡಿ. ಅದರೊಳಗೆ ಇಳಿದವನು ಊರಿಗೆ ಅರ್ಧವೇ ಕಾಣುವುದು. "ಸರಿ, ಕೊಟ್ಟೆ," ಎಂದು ಹೊರಗೆ ನುಗ್ಗಿದ.

ಮಾರನೇ ಬೆಳಿಗ್ಗೆ ರಾಯದುರ್ಗಕ್ಕೆ ಓಡಿದ. ಅಲ್ಲಿ ಯಾರೋ ಗುತ್ತಿಗೆದಾರರ ಕಾರು ಹಳ್ಳಕ್ಕೆ ಬಿದ್ದು ನಜ್ಜುಗುಜ್ಜಾಗಿ ಹಿತ್ತಿಲಲ್ಲಿ ನಿಂತಿರುವುದು ಅವನಿಗೆ ಗೊತ್ತಿತ್ತು. ಹೊಸ ನಮೂನೆಯ ಕಾರು. ಅದರ ಡಿಸ್ಟ್ರಿಬ್ಯೂಟರು, ಅದಕ್ಕೆ ಬೇಕಾದ ಕಾಯಿಲ್ಲು, ತಂತಿ, ಎಲ್ಲ ಬಿಚ್ಚಿ ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಬಂದ. ಅದೂ ನಾಲ್ಕು ಸಿಲಿಂಡರಿನದೇ, ಪುಣ್ಯ! ಆದರೆ ಹೊಸ ಕಾರಿನ ಜಾಣತನ ಒಂದಿತ್ತು ಅದರಲ್ಲಿ. ಹೊಟ್ಟೆಯೊಳಗೆ ಎರಡು ಪುಟ್ಟ ತೂಕದ ಗುಂಡುಗಳು. ವೇಗ ಹೆಚ್ಚಿದಂತೆ ಅವು ಅಗಲವಾಗಿ ಹಾರಿ, ಕಿಡಿಯನ್ನು ತಾವೇ ಬೇಗ ಮಾಡುತ್ತವೆ, ಡ್ರೈವರು ಹಿಡಿ ಮುಟ್ಟುವುದೇ ಬೇಡ. ಯರ್ರಪ್ಪ ಅದನ್ನು ಬಿಚ್ಚಿ ನೋಡಿ ಖುಷಿಯಲ್ಲಿ ಒಬ್ಬನೇ ನಕ್ಕ. ಇನ್ನೊಂದು ಖುಷಿ, ಮೇಲೆ ಬಾಣದ ಗುರುತು ಕೆತ್ತಿತ್ತು, ಬಲಕ್ಕೆ. ರೋಟರು ಬಲಕ್ಕೆ ಸುತ್ತುತ್ತದೆ ಅಂತ ಅರ್ಥ.

ಬಲಕ್ಕಲ್ಲದೆ ಇನ್ನೆಲ್ಲಿಗೆ? ದೇವರನ್ನು ಸುತ್ತುವುದು ಬಲಕ್ಕೆ, ಆರತಿ ಬಲಕ್ಕೆ, ಬೀಸುವ ಕಲ್ಲು ಬಲಕ್ಕೆ. ಅವನಿಗೆ ಅನುಮಾನವೇ ಬರಲಿಲ್ಲ.

ಜೋಡಿಸುವ ಹೊತ್ತಿಗೆ ಜಂಪಣ್ಣ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮೋಟಾರಿಗೆ ಮೂರು ಸುತ್ತು ಬಂದ, ಬಲಕ್ಕೇ. ಎಂಜಿನ್ನಿನ ಮೈಮೇಲೆ ಸರದಿಯ ಅಂಕಿಗಳನ್ನು ಎರಕದಲ್ಲೇ ಮೂಡಿಸಿದ್ದರು: ಒಂದು, ಮೂರು, ನಾಲ್ಕು, ಎರಡು. ಯರ್ರಪ್ಪ ಒಂದನೇ ತಂತಿಗೆ ಅರಿಶಿನ ಮುಟ್ಟಿಸಿ ಸಿಕ್ಕಿಸಿದ, ಬಲಕ್ಕೆ ಸರಿದು ಮೂರರದ್ದು, ಮತ್ತೆ ಬಲಕ್ಕೆ ನಾಲ್ಕರದ್ದು, ಎರಡರದ್ದು. ಸ್ಟೇರಿಂಗಿನ ಹಿಡಿಯಿಂದ ಬರುವ ಸರಳನ್ನೂ ಅದೇ ಲೆಕ್ಕಕ್ಕೆ ಕೂಡಿಸಿದ. ಹಿಡಿ ಮೇಲೆ ತಳ್ಳಿ, "ಹೊಡಿಯಣ್ಣಾ," ಅಂದ.

ಜಂಪಣ್ಣ ಹ್ಯಾಂಡಲ್ ಹಾಕಿ ಎಳೆದ. ಎಂಜಿನ್ನು ಒಂದೇ ಒಂದು ಸಲ ಢಂ ಅಂತು, ಹ್ಯಾಂಡಲ್ ಹಿಂದಕ್ಕೆ ಗಿರ್ರನೆ ತಿರುಗಿ ಅವನ ಮಣಿಕಟ್ಟಿಗೆ ಬಡಿಯಿತು. ಅವನು ಕೂಗಿದ್ದು ಬೆಟ್ಟಕ್ಕೆ ಹೋಗಿ ವಾಪಸ್ಸು ಬಂತು.

"ಅಯ್ಯಯ್ಯಪ್ಪೋ! ಲೇ ಯರ್ರ, ಏನ್ ಮಾಡಿದೆಲೇ ಇದಕ್ಕೆ? ನಮ್ಮ ಹಟ್ಟಿ ಹೋರೀನೂ ಹಿಂಗ್ ಒದೆಯಲ್ಲ!"

"ತಡ ಇಟ್ಟೀನಣ್ಣಾ, ಒದೀಬಾರ್ದು."

"ಒದೀಬಾರ್ದು ಅಂತ ಅದಕ್ಕೆ ಹೇಳು, ನನಗ್ಯಾಕ್ ಹೇಳ್ತೀಯ!"

ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಹುಣಸೆಸೊಪ್ಪು ಕಾಯಿಸಿ ಕಟ್ಟಿದರು. ಅಲ್ಲಿಂದ ಮುಂದೆ ಯರ್ರಪ್ಪ ತಾನೇ ಹ್ಯಾಂಡಲ್ ಹಿಡಿದ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು, ಒದ್ದರೆ ಕೈ ಜಾರಿ ಹೋಗಲಿ ಅಂತ. ಡಿಸ್ಟ್ರಿಬ್ಯೂಟರನ್ನು ಒಂದು ಕೂದಲೆಳೆ ಆಚೆ ತಿರುಗಿಸಿದ, ಒಂದು ಕೂದಲೆಳೆ ಈಚೆ. ಕೊನೆಗೆ ಎಂಜಿನ್ನು ಎದ್ದಿತು, ಆದರೆ ಏನು ಏಳುವುದು! ನಾಲ್ಕರಲ್ಲಿ ಎರಡೇ ದುಡಿಯುತ್ತಿದ್ದವು. ಇನ್ನೆರಡು ಬಾಯಿಂದ ಹೊಗೆ ಉಗುಳುತ್ತ, ಢಬ್ ಢಬ್ ಎಂದು ಕೆಮ್ಮುತ್ತ ಕೂತವು. ವೇಗ ಕೊಟ್ಟರೆ ಇನ್ನೂ ವಿಚಿತ್ರ, ಓಡಬೇಕಾದ ಎಂಜಿನ್ನು ಓಡಿದಷ್ಟೂ ಸುಸ್ತಾಗುತ್ತಿತ್ತು.

ಆ ವಾರ ಯರ್ರಪ್ಪನನ್ನು ನೋಡಿದವರಿಗೇ ತಲೆ ಸುತ್ತುತ್ತಿತ್ತು. ಪ್ಲಗ್ಗು ಬಿಚ್ಚಿ ಉಜ್ಜುವನು, ಮತ್ತೆ ಹಾಕುವನು. ಪೆಟ್ರೋಲು ಬಸಿದು ಬಟ್ಟೆಯಲ್ಲಿ ಸೋಸುವನು. ಊಟಕ್ಕೆ ಕೂಗಿದರೆ ಮುದ್ದೆಯನ್ನು ಕೈಯಲ್ಲಿ ಹಿಡಿದು ಮೋಟಾರಿನ ಸುತ್ತ ನಡೆಯುತ್ತಲೇ ನುಂಗುವನು. ಮನೆಗೆ ಹೋದರೆ ಆ ಸಾರಿಸಿದ ಗುಂಡಿ. ಒಂದು ದಿನ ಅದರ ಅಂಚಿಗೆ ರಂಗೋಲಿ ಬಂತು, ಮರುದಿನ ಮಗ್ಗಕ್ಕೆ ಹೊಸ ಅಚ್ಚು ಬಂತು, ಅದರ ಮರುದಿನ ಅಪ್ಪ ಅದಕ್ಕೆ ಹಾಸು ನೂಲು ಹೂಡುವ ಮಾತಾಡಿದ. ಯರ್ರಪ್ಪನಿಗೆ ಮನೆಯೇ ತನ್ನನ್ನು ಕಾಲಿನಿಂದ ಹಿಡಿದು ಕೆಳಕ್ಕೆ ಎಳೆಯುತ್ತಿದೆ ಅನ್ನಿಸಿತು.

ಸಂತೆಯ ಹಿಂದಿನ ದಿನ. ಯರ್ರಪ್ಪ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಕಿಡಿ ಹುಟ್ಟುವ ಸಣ್ಣ ಬಾಯಿ ಸರಿಯಾಗಿ ತೆರೆಯುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಜಂಪಣ್ಣ ಎಡಗೈಯಲ್ಲಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಆಗ ಬಂದವಳು ಸೂರಮ್ಮ, ಜಂಪಣ್ಣನ ಸೋದರತ್ತೆ. ಮೊಮ್ಮಗಳ ಧಾರೆ ಸೀರೆಗೆಂದು ನನ್ನಿವಾಳದಿಂದ ಇದೇ ಮೋಟಾರಿನಲ್ಲಿ ಬಂದು, ಮೋಟಾರು ಕೆಟ್ಟು ಇಲ್ಲೇ ಉಳಿದಿದ್ದಳು. ಆ ಸೀರೆ ನೇಯುತ್ತಿದ್ದದ್ದು ನಾಗರಾಜಪ್ಪನ ಮಗ್ಗದಲ್ಲೇ. ಅವತ್ತು ಮುಗಿದಿತ್ತು, ಗಂಟು ಕಂಕುಳಲ್ಲಿತ್ತು.

"ಲೇ ಜಂಪ, ನಾಳೆ ಹೊಂಡುತೈತೇನೋ ಇದು? ಮದುವೆ ಮನೇಲಿ ನನ್ನ ಹುಡುಕ್ತಿರ್ತಾರೆ." ಎನ್ನುತ್ತ ಅವಳು ಯರ್ರಪ್ಪನ ಭುಜದ ಮೇಲಿಂದ ಬಗ್ಗಿ ನೋಡಿದಳು. ನೋಡಿದವಳು ಗಂಟನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಅಯ್ಯೋ ಶಿವನೇ! ಇದೇನ್ರೋ ಇದು, ಹೆಣದ ಸುತ್ತು ಸುತ್ತುತೈತೆ!"

"ಏನತ್ತೆ?"

"ಕಣ್ಣಿಲ್ವೇನೋ ನಿಮಗೆ? ಎಡಕ್ಕೆ ಹೋಗ್ತಾ ಐತೆ ನೋಡೋ. ಹೆಣ ಇಟ್ಟು ಸುತ್ತೋರಂಗೆ!"

ಅವಳ ಗಂಟಲು ಸಣ್ಣದಲ್ಲ. ಪೇಟೆಯ ಅರ್ಧ ಜನ ತಿರುಗಿ ನೋಡಿದರು.

ಯರ್ರಪ್ಪ ರೋಟರಿನ ಮೇಲೆ ಬಗ್ಗಿದ. "ಇನ್ನೊಂದ್ ಸುತ್ತು, ಮೆಲ್ಲಗೆ," ಅಂದ ಜಂಪಣ್ಣನಿಗೆ. ರೋಟರು ಎಡಕ್ಕೆ ಹೋಯಿತು. ಮತ್ತೆ ಎಡಕ್ಕೇ. ವಾರವಿಡೀ ಅದು ಅವನ ಮೂಗಿನ ಕೆಳಗೇ ಎಡಕ್ಕೆ ಸುತ್ತಿತ್ತು. ಅವನು ಬಾಣ ನೋಡಿದ್ದ, ತಂತಿ ನೋಡಿದ್ದ, ಕಿಡಿ ನೋಡಿದ್ದ, ಸುತ್ತು ನೋಡಿರಲಿಲ್ಲ. ಹೊಸ ಕಾರಿನ ಹಲ್ಲುಚಕ್ರ ಬಲಕ್ಕೆ ತಿರುಗಿಸುತ್ತಿತ್ತು, ಬಾಣವೂ ಸರಿಯೇ. ಆದರೆ ಈ ಮುದಿ ಎಂಜಿನ್ನಿನ ಹಲ್ಲುಚಕ್ರದ ದಾರಿಯೇ ಬೇರೆ!

"ಜಂಪಣ್ಣಾ!" ಅವನು ಎದ್ದು ನಿಂತ, ಕೂತ, ಮತ್ತೆ ಎದ್ದ. "ತಂತಿ ಬಲಕ್ಕೆ ಹಾಕೀನಿ, ಬಡ್ಸೋನು ಎಡಕ್ಕೆ ಹೋಗ್ತಾವ್ನೆ! ಒಂದ್ರದ್ದು ನಾಕ್ರದ್ದು ಎದುರುಬದುರು, ಅವು ಹೆಂಗೋ ಸರಿ ಸಿಕ್ತಾವೆ. ಮೂರ್ರದ್ದು ಎರಡಕ್ಕೆ, ಎರಡರದ್ದು ಮೂರಕ್ಕೆ ಹೋಗೈತೆ. ಅದಕ್ಕೇ ಎರಡೇ ದುಡಿಯೋದು!"

"ಮತ್ತೆ ನನ್ನ ಕೈ?"

"ಹಿಡೀನೂ ಉಲ್ಟಾ ಆಗೈತಣ್ಣಾ. ತಡ ಅಂತ ಮೇಲೆ ತಳ್ಳಿದ್ರೆ ಅದು ಬೇಗ ಆಗೈತೆ."

"ಹಂಗಾರೆ ನನಗೆ ಒದ್ದಿದ್ದು ಮೋಟಾರಲ್ಲ, ನೀನು."

ಆ ಸುಸ್ತಿನ ಗುಟ್ಟೂ ಅದೇ. ಬಲಸುತ್ತಿಗೆಂದು ಮಾಡಿದ ತೂಕದ ಗುಂಡುಗಳು ಎಡಸುತ್ತಿನಲ್ಲಿ ಹಾರಿದರೆ ಕಿಡಿಯನ್ನು ಬೇಗ ಮಾಡುವ ಬದಲು ಇನ್ನೂ ತಡ ಮಾಡುತ್ತವೆ. ಓಡಿದಷ್ಟೂ ತಡ. ಯರ್ರಪ್ಪ ಯೋಚಿಸಿದ, ಹೊಸಬರ ಜಾಣತನ ಈ ಹಳೇ ಎಂಜಿನ್ನಿಗೆ ಬೇಡ. ಗುಂಡುಗಳನ್ನು ಹಾರದಂತೆ ಕಟ್ಟಿಹಾಕಿ, ಹಿಂದಿನಂತೆ ಹಿಡಿಯಲ್ಲೇ ಹೊತ್ತು ನೋಡಿಕೊಳ್ಳೋಣ.

ಕಟ್ಟುವುದಕ್ಕೆ ದಾರ ಬೇಕಲ್ಲ, ಮನೆಗೆ ಓಡಿದ. ಈಶ್ವರಮ್ಮ ರಾಟೆಯ ಮುಂದಿದ್ದಳು. ರೇಷ್ಮೆ ಹುರಿ ಮಾಡುವುದು ಆ ಮನೆಗಳಲ್ಲಿ ಹೆಂಗಸರ ಕೆಲಸ, ಗಂಡಸರು ಅತ್ತ ತಲೆ ಹಾಕುವುದಿಲ್ಲ.

"ಅಮ್ಮಾ, ಗಟ್ಟಿ ರೇಷ್ಮೆ ಕೊಡು, ಒಂದ್ ಮೊಳ."

"ಏನಕ್ಕೆ ರಾ?"

"ಹಾರೋದನ್ನ ಕಟ್ಟಾಕ್ಬೇಕು."

ಅವಳು ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅಂಥಾ ದಾರ ಇದ್ದಿದ್ರೆ ನಾನು ಎಂದೋ ಕಟ್ಟಾಕಿರ್ತಿದ್ದೆ," ಎಂದು ಎರಡೆಳೆಯ ಹುರಿ ಕತ್ತರಿಸಿ ಕೊಟ್ಟಳು.

ಹೊತ್ತು ಇಳಿಯುವ ಮೊದಲು ಎಲ್ಲ ಆಯಿತು. ಗುಂಡುಗಳನ್ನು ರೇಷ್ಮೆಯಲ್ಲಿ ಬಿಗಿದು, ತಂತಿಗಳನ್ನು ಎಡಕ್ಕೆ ಸಿಕ್ಕಿಸಿದ. ಬೆರಳು ಒಮ್ಮೆ ತಡೆಯಿತು ನಿಜ, ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಸರಳನ್ನು ತಿರುಗಿಸಿ ಕೂಡಿಸಿದ. ಹ್ಯಾಂಡಲ್ ಎಳೆದ. ಎಂಜಿನ್ನು ಒದೆಯಲಿಲ್ಲ, ಕೆಮ್ಮಲಿಲ್ಲ. ನಾಲ್ಕೂ ಒಟ್ಟಿಗೆ ಎದ್ದು ಗುರ್ರೆಂದವು! ಹಿಡಿಯನ್ನು ಮೆಲ್ಲಗೆ ಕೆಳಗೆ ಎಳೆದಂತೆ ದನಿ ತೆಳ್ಳಗಾಗಿ, ಸರಾಗವಾಗಿ, ಹೊಸ ಹಾಸಿನ ಮೇಲೆ ಲಾಳಿ ಓಡಿದಂತೆ ಓಡಿತು. ಜಂಪಣ್ಣ ಉಳುಕಿದ ಕೈಯಲ್ಲೇ ಚಪ್ಪಾಳೆ ತಟ್ಟಲು ಹೋಗಿ ಅಮ್ಮಾ ಅಂದ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಯರ್ರಪ್ಪನೂ ಹಾಗೇ ಅಂದುಕೊಂಡಿದ್ದ.

ಬೆಳಿಗ್ಗೆ ಸಂತೆಗೆ ಹೋಗುವವರು ಗಂಟುಮೂಟೆ ಸಮೇತ ಪೇಟೆಯಲ್ಲಿ ನೆರೆದಿದ್ದರು. ಮೋಟಾರು ಗುರುಗುಟ್ಟುತ್ತ ನಿಂತಿತ್ತು. ಯರ್ರಪ್ಪ ಬಾಗಿಲು ತೆರೆದು ಕೂಗಿದ. ಒಬ್ಬರೂ ಹತ್ತಲಿಲ್ಲ. ನಿನ್ನೆ ಸೂರಮ್ಮ ಕೂಗಿದ್ದು ಊರೆಲ್ಲ ಸುತ್ತಿತ್ತು.

"ಬರ್ರಿ, ಹತ್ರಿ! ಹೊತ್ತಾಯ್ತು!"

"ನಾವು ಗಾಡೀಲಿ ಹೋಗ್ತೀವಿ ಬಿಡಪ್ಪ," ಕ್ಯಾತಪ್ಪ ಅನ್ನುವ ಕುರಿ ವ್ಯಾಪಾರಿ ಮುಖ ತಿರುಗಿಸಿದ. "ಎಡಕ್ಕೆ ಸುತ್ತೋದನ್ನ ಕಟ್ಕಂಡು ಬೆಳಬೆಳಿಗ್ಗೆ ಯಾರು ಹೋಗ್ತಾರೆ?"

"ಕ್ಯಾತಣ್ಣಾ, ಇಷ್ಟು ವರ್ಷಾನೂ ಅದು ಎಡಕ್ಕೇ ಸುತ್ತಿರೋದು. ನಿನ್ನ ಕುರಿ ಎಷ್ಟು ಹೊತ್ಕಂಡು ಹೋಗೈತೆ!"

"ಅವಾಗ ನಮಗೆ ಗೊತ್ತಿರ್ಲಿಲ್ಲ."

"ಈಗ್ಲೂ ಮರೆತ್ಬಿಡು!"

"ಗೊತ್ತಾಗಿದ್ದನ್ನ ಮರೆಯೋಕಾಗ್ತದೇನೋ?"

ಯರ್ರಪ್ಪ ಅತ್ತ ಓಡಿದ, ಇತ್ತ ಓಡಿದ. ಒಬ್ಬನ ಬುಟ್ಟಿ ತಾನೇ ಎತ್ತಿ ಒಳಗಿಟ್ಟ, ಅವನು ಅದನ್ನು ಇಳಿಸಿಕೊಂಡ. ಖಾಲಿ ಮೋಟಾರು ತೆಗೆದುಕೊಂಡು ಹೋದರೆ ಸಾಹುಕಾರರು ಏನನ್ನುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು. ಜನ ಹತ್ತದ ಸರ್ವಿಸ್ ಯಾತಕ್ಕೆ? ಎಂಜಿನ್ನು ಚೆನ್ನಾಗಿದೆ, ಮಿಲ್ಲಿಗೆ ಇನ್ನೂ ಒಳ್ಳೆಯದು! ತಾನೇ ರಿಪೇರಿ ಮಾಡಿ ತಾನೇ ಗಾಣಕ್ಕೆ ಒಪ್ಪಿಸಿದಂತೆ.

ಸೂರಮ್ಮ ಸೀರೆ ಗಂಟು ಹಿಡಿದು ದೂರ ನಿಂತಿದ್ದಳು. ಜಂಪಣ್ಣ ಕರೆದ. "ಅತ್ತೆ, ನೀನಾರ ಬಾ. ನೀನು ಕೂಗಿದ್ದಕ್ಕೆ ಇದೆಲ್ಲ."

"ಧಾರೆ ಸೀರೆ ಐತೋ ಕೈಯಾಗೆ. ಮದುಮಗಳಿಗೆ ಉಡ್ಸೋದು. ಹೆಣದ ಸುತ್ತಿನ ಮ್ಯಾಲೆ ತಗಂಡು ಹೋಗ್ಲಾ?"

ಅಷ್ಟರಲ್ಲಿ ಈಶ್ವರಮ್ಮ ಬಂದಳು. ಮೋಟಾರಿನ ಸದ್ದು ಕೇಳಿ, ಮಗ ಹಸಿದು ಹೊರಟಾನೆಂದು ಬುತ್ತಿ ತಂದಿದ್ದಳು. ಜನ ಹಿಂದೆ ಸರಿದು ನಿಂತಿದ್ದನ್ನು ನೋಡಿದಳು, ಮಗ ಕೈ ಹಿಸುಕಿಕೊಳ್ಳುತ್ತಿದ್ದದ್ದನ್ನೂ ನೋಡಿದಳು. ಅವಳು ಬಾಯಿ ಬಿಡದಿದ್ದರೆ ಸಾಕಿತ್ತು. ಮೋಟಾರು ಖಾಲಿ ಹೋಗುತ್ತಿತ್ತು, ಸಂಜೆಗೆ ಮಗ ಮಗ್ಗದಲ್ಲಿರುತ್ತಿದ್ದ. ಅವಳು ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

ಆಮೇಲೆ ಸೂರಮ್ಮನ ಹತ್ತಿರ ಹೋಗಿ, "ಆ ಗಂಟು ಬಿಚ್ಚು ಅಕ್ಕಾ," ಅಂದಳು.

"ಯಾಕಮ್ಮ?"

"ಬಿಚ್ಚು." ಸೀರೆಯ ಸೆರಗಿನ ತುದಿಯಲ್ಲಿ ಬಿಟ್ಟ ಎಳೆಯೊಂದನ್ನು ಈಶ್ವರಮ್ಮ ಎರಡು ಬೆರಳಲ್ಲಿ ಹಿಡಿದಳು. "ಇದನ್ನ ನಾನೇ ಹುರಿ ಮಾಡಿದ್ದು. ಒಂಟಿ ಎಳೆಗೆ ರಾಟೆ ಬಲಕ್ಕೆ ತಿರುಗಿಸ್ತೀವಿ. ಆಮ್ಯಾಲೆ ಎರಡೆಳೆ ಸೇರಿಸಿ ಎಡಕ್ಕೆ ತಿರುಗಿಸ್ತೀವಿ. ಎಡಕ್ಕೆ! ಬಲಕ್ಕೇ ತಿರುಗ್ಸಿದ್ರೆ ಕೂಡಿಕೊಳ್ಳಲ್ಲ, ಬಿಚ್ಕಂಡು ಹೋಗ್ತವೆ."

ಸೂರಮ್ಮ ಎಳೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಮೊಳಕಾಲ್ಮುರು ಸೀರೆ ಉಟ್ಟು ಧಾರೆ ಎರೆಸ್ಕಂಡೋರು ಎಷ್ಟು ಜನ ಇದಾರೆ ಹೇಳು. ಎಲ್ಲಾರೂ ಎಡಸುತ್ತು ಉಟ್ಕಂಡೇ ಗಂಡನ ಮನೆಗೆ ಹೋಗಿದ್ದು. ಎರಡು ಕೂಡಬೇಕು ಅಂದ್ರೆ ಒಂದು ಎಡಕ್ಕೆ ಸುತ್ತಬೇಕಕ್ಕಾ."

"ನನ್ನ ಮದುವೇದೂ ಹಂಗೇನಾ?" ಸೂರಮ್ಮ ಕೇಳಿದಳು.

"ನಮ್ಮತ್ತೆ ಕೈಯಿಂದು ಅದು. ಅವಳೂ ಎಡಕ್ಕೇ."

ಸೂರಮ್ಮ ಕ್ಯಾತಪ್ಪನನ್ನು ನೋಡಿದಳು, ಮೋಟಾರನ್ನು ನೋಡಿದಳು. "ನನ್ನ ಗಂಡ ಎಂಬತ್ತು ದಾಟಿ, ಹಲ್ಲು ಅಷ್ಟೂ ಇಟ್ಕಂಡು ಕೂತವ್ನೆ," ಎಂದು ಜನಕ್ಕೆಲ್ಲ ಕೇಳುವಂತೆ ಹೇಳಿ, ಗಂಟು ಕಟ್ಟಿ, ಮುಂದಿನ ಸೀಟಿನಲ್ಲೇ ಹೋಗಿ ಕೂತಳು. ಹಿಂದೆ ಒಬ್ಬಳು ಬೆಣ್ಣೆಯವಳು ಹತ್ತಿದಳು. ಅವಳ ಹಿಂದೆ ಇಬ್ಬರು. ಆಮೇಲೆ ಕ್ಯಾತಪ್ಪ, "ಗಾಡೀಗೆ ಹೊತ್ತಾಗ್ತದೆ, ಅದಕ್ಕೆ," ಅನ್ನುತ್ತ ಎರಡು ಕುರಿ ಸಮೇತ.

ಯರ್ರಪ್ಪ ತಾಯಿಯ ಹತ್ತಿರ ಬಂದು ಏನೋ ಹೇಳಲು ಹೋದ. ಅವಳು ಬುತ್ತಿಯನ್ನು ಅವನ ಎದೆಗೆ ಒತ್ತಿ, "ಹೋಗೋ, ಹೋಗು. ನಿಮ್ಮ ನಾಯ್ನನಿಗೆ ನಾನು ಹೇಳ್ತೀನಿ. ಗುಂಡೀಲಿ ರಾಗಿ ತುಂಬ್ಕಂತೀವಿ," ಅಂದಳು.

ಜಂಪಣ್ಣನ ಬಲಗೈ ಇನ್ನೂ ಬಟ್ಟೆಯಲ್ಲಿತ್ತು, ಸ್ಟೇರಿಂಗಿಗೆ ಮೊಣಕೈ ಕೊಟ್ಟು ಓಡಿಸಿದ. ಯರ್ರಪ್ಪ ಪಕ್ಕದ ಮೆಟ್ಟಿಲ ಮೇಲೆ ಗಾಳಿಗೆ ನಿಂತು ಹಿಡಿ ನೋಡಿಕೊಂಡ. ಹಾನಗಲ್ ದಾಟಿ ದಿಬ್ಬ ಏರುವಾಗ ಎಂಜಿನ್ನು ಟಣಟಣ ಅಂದಿತು, ಕಿಡಿ ಬೇಗವಾಯಿತು ಅಂತ ಹಿಡಿಯನ್ನು ಎರಡು ಹಲ್ಲು ಮೇಲೆ ತಳ್ಳಿದ. ಸದ್ದು ಅಡಗಿತು. ಬಯಲಿಗೆ ಇಳಿದಾಗ ಮತ್ತೆ ಕೆಳಗೆ. ಕೊಂಡ್ಲಹಳ್ಳಿಯ ದಾರಿ ಸೇರುವಲ್ಲಿ ಮೂವರು ಕೈ ಅಡ್ಡ ಹಿಡಿದರು. ನಿಲ್ಲಿಸಿದರೆ ಎಲ್ಲಿ ಮತ್ತೆ ಏಳದೋ ಎಂಬ ಭಯಕ್ಕೆ ಎಂಜಿನ್ನು ಆರಿಸಲೇ ಇಲ್ಲ, ನಡೆಯುವ ಮೋಟಾರಿಗೇ ಅವರನ್ನು ಎಳೆದುಕೊಂಡ.

"ಸತ್ತೆನಲ್ಲೋ!" ಅವರಲ್ಲೊಬ್ಬ ಅಂದ.

"ಸತ್ತಿಲ್ಲ, ಹತ್ತಿದೀಯ, ಒಳಗೆ ಸರಿ," ಸೂರಮ್ಮ ಅಂದಳು. ಆಗಲೇ ಮೋಟಾರು ಅವಳದ್ದಾಗಿತ್ತು.

ಚಳ್ಳಕೆರೆಯ ಸಂತೆ ಬಯಲಿನ ಅಂಚಿನಲ್ಲಿ ಮಲ್ಲಿಕಾರ್ಜುನಪ್ಪನವರ ಅಂಗಡಿ. ಮುಂದೆ ಒಂದು ಗಾಡಿ ಹೂಡಿ ನಿಂತಿತ್ತು, ಅದರಲ್ಲಿ ಸರಪಳಿ, ಹಾರೆ, ದಪ್ಪ ಹಗ್ಗ. ದಾವಣಗೆರೆಯ ಇಬ್ಬರು ಫಿಟ್ಟರುಗಳು ಚಕ್ರಕ್ಕೆ ಒರಗಿ ಬೀಡಿ ಸೇದುತ್ತಿದ್ದರು, ಮೊಳಕಾಲ್ಮುರಿಗೆ ಹೊರಡಲು ತಯಾರಾಗಿ. ಮೋಟಾರು ಬಂದು ನಿಂತಿತು. ಜನ ಇಳಿದರು, ಕುರಿಗಳು ಇಳಿದವು. ಸಾಹುಕಾರರು ಅಂಗಡಿಯ ಕಟ್ಟೆ ಇಳಿದು ಬಂದು ಬಾನೆಟ್ಟಿಗೆ ಕಿವಿ ಕೊಟ್ಟರು.

"ಆರಿಸು."

ಯರ್ರಪ್ಪ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ.

"ಆರಿಸೋ! ದೂಡ್ಕಂಡು ಶುರು ಮಾಡಿ, ಆರಿಸದೆ ಬಂದೀಯೋ ಏನೋ, ನನಗೇನ್ ಗೊತ್ತು? ಆರಿಸಿ ಇನ್ನೊಂದ್ ಸಲ ಎಬ್ಬಿಸು. ಎದ್ರೆ ನಿಂದು, ಇಲ್ಲಾಂದ್ರೆ ಇವ್ರದ್ದು." ಫಿಟ್ಟರುಗಳ ಕಡೆ ಕೈ ಮಾಡಿದರು.

ಜಂಪಣ್ಣ ಆರಿಸಿದ. ಸಂತೆಯ ಗದ್ದಲವೇ ಒಮ್ಮೆಗೆ ದೊಡ್ಡದಾದಂತೆ ಕೇಳಿಸಿತು. ಬಿಸಿ ಎಂಜಿನ್ನು ಟಿಕ್ ಟಿಕ್ ಎಂದು ಆರುತ್ತಿತ್ತು. ಯರ್ರಪ್ಪ ಹಿಡಿಯನ್ನು ಪೂರಾ ಮೇಲೆ ತಳ್ಳಿದ. ತಡ. ಮುಂದೆ ಬಂದು ಹ್ಯಾಂಡಲ್ ಹಾಕಿದ, ಮತ್ತೆ ಓಡಿಹೋಗಿ ಹಿಡಿ ನೋಡಿದ, ಮೇಲೇ ಇತ್ತು. ಮತ್ತೆ ಬಂದ. ಹೆಬ್ಬೆರಳನ್ನು ಬೆರಳುಗಳ ಪಕ್ಕಕ್ಕೆ ಮಡಿಸಿದ. ಕೈ ಪಂಚೆಗೆ ಒರೆಸಿಕೊಂಡ.

"ಎಳಿಯೋ ಮಾರಾಯ, ಸಂತೆ ಮುಗೀತೈತೆ," ಫಿಟ್ಟರೊಬ್ಬ ಅಂದ.

ಯರ್ರಪ್ಪ ಎಳೆದ. ಅರ್ಧ ಸುತ್ತಿಗೆ ನಾಲ್ಕೂ ಹತ್ತಿಕೊಂಡವು.

ಸಾಹುಕಾರರು ಬಾನೆಟ್ಟಿಗೆ ಇನ್ನೊಮ್ಮೆ ಕಿವಿ ಕೊಟ್ಟರು. ಆಮೇಲೆ ಅಂಗಡಿಯ ಕಡೆ ತಿರುಗಿ ಕೂಗಿದರು. "ಲೇ, ಆ ಮೊಳಕಾಲ್ಮುರಿಗೆ ಹೋಗೋ ಕಂಬಳಿ ಹೊರೆ ಗಾಡಿಗೆ ಹಾಕ್ಬ್ಯಾಡ್ರಿ. ಮೋಟಾರಿಗೆ ಹಾಕ್ರಿ."

"ಹಂಗಾರೆ ನಾವ್ ಯಾತಕ್ ಬಂದ್ವಿ ಸಾವ್ಕಾರ್ರೇ?" ಫಿಟ್ಟರು ಬೀಡಿ ಎಸೆದ.

"ಶೇಂಗಾ ತಿನ್ನಾಕೆ. ಒಳಗೆ ಕೂತ್ಕಳ್ರಿ, ಮಿಲ್ಲಿಗೆ ಬೇರೆ ಎಂಜಿನ್ ನೋಡಾನ."

ಯರ್ರಪ್ಪ ಆಗಲೇ ಅಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಹಾರಿ, ಒಂದು ಕೈ ಹಿಡಿಯ ಮೇಲಿಟ್ಟು, ಸಂತೆಯ ಕಡೆಗೆ ಮುಖ ಮಾಡಿ ಗಂಟಲು ಹರಿಯುವಂತೆ ಕೂಗುತ್ತಿದ್ದ: "ತಳಕು! ಬೊಮ್ಮಗೊಂಡನಕೆರೆ! ಹಾನಗಲ್! ಮೊಳಕಾಲ್ಮುರು! ಹತ್ರಿ ಹತ್ರಿ, ಮೋಟಾರು ಹೊಂಟೈತೆ!"

"ಎಲ್ಲಿ ಹೊಂಟೈತೋ?" ಜಂಪಣ್ಣ ಬೈದ. "ಈಗ ಬಂದೀವಿ, ನನ್ನ ಉಳುಕಿದ ಕೈಯಾದ್ರೂ ಸುಧಾರಿಸ್ಕಳ್ಳಾಕೆ ಬಿಡೋ!"